ಚಾರ್ಲ್ಸ್ ಬ್ಯಾಬೇಜ್

ಚಾರ್ಲ್ಸ್ ಬ್ಯಾಬೇಜ್ (26 ಡಿಸೆಂಬರ್ 1791 – 18 ಅಕ್ಟೋಬರ್ 1871) ಇಂಗ್ಲೆಂಡಿನ ಗಣಿತಜ್ಞರು, ಯಂತ್ರ ವಿನ್ಯಾಸಕಾರರು ಹಾಗೂ ಅರ್ಥಶಾಸ್ತ್ರದ ಲೇಖಕರು. ಡಿಫರೆನ್ಸ್ ಎಂಜಿನ್ (ವ್ಯತ್ಯಾಸ ಯಂತ್ರ) ಮತ್ತು ಅನಲಿಟಿಕಲ್ ಎಂಜಿನ್ (ವಿಶ್ಲೇಷಣಾ ಯಂತ್ರ) ಎಂಬ ಎರಡು ಗಣಕಗಳನ್ನು ಇವರು ರೂಪಿಸಿದರು. ಎರಡನೆಯದು ಇಂದಿನ ಕಂಪ್ಯೂಟರಿನ ಪೂರ್ವಜ ಎನಿಸಿಕೊಂಡಿದೆ. ಇವರ ಜೀವಿತಕಾಲದಲ್ಲಿ ಇವೆರಡರಲ್ಲಿ ಒಂದೂ ಪೂರ್ತಿಯಾಗಲಿಲ್ಲ. ಯಂತ್ರಕ್ಕೆ ತಪ್ಪು ಅಂಕಿ ಕೊಟ್ಟರೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಬ್ಯಾಬೇಜ್ ಹಾಸ್ಯ ಮಾಡಿದರೆಂಬ ಸಂಗತಿ ಗಣಕ ವಿಜ್ಞಾನದ ಪಠ್ಯಗಳಲ್ಲಿ ಪದೇ ಪದೇ ಬರುತ್ತದೆ. ಆದರೆ ಆ ಪ್ರಶ್ನೆಯ ಒಂದು ಭಾಗಕ್ಕೆ ಅವರ ಯಂತ್ರದಲ್ಲಿಯೇ ಉತ್ತರವಿತ್ತೆಂಬುದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ಆರಂಭಿಕ ಜೀವನ

ಬ್ಯಾಬೇಜ್ ಲಂಡನ್ನಿನಲ್ಲಿ ಜನಿಸಿದರು. ತಂದೆ ಬೆಂಜಮಿನ್ ಬ್ಯಾಬೇಜ್ ಸ್ಥಿತಿವಂತ ಬ್ಯಾಂಕರ್ ಆಗಿದ್ದು, ಮನೆತನದ ಮೂಲ ಡೆವನ್ ಪ್ರಾಂತ್ಯದಲ್ಲಿತ್ತು. ಬಾಲ್ಯದಲ್ಲಿ ಆರೋಗ್ಯ ಸರಿಯಿಲ್ಲದ ಕಾರಣ ಶಿಕ್ಷಣ ಅಲ್ಲಲ್ಲಿ, ಬಿಡಿಬಿಡಿಯಾಗಿ ನಡೆಯಿತು. 1810ರಲ್ಲಿ ಕೇಂಬ್ರಿಡ್ಜ್‌ನ ಟ್ರಿನಿಟಿ ಕಾಲೇಜನ್ನು ಸೇರಿದರು. ಆ ವೇಳೆಗೆ ಅವರು ಸ್ವಂತವಾಗಿ ಓದಿಕೊಂಡಿದ್ದ ಗಣಿತವು ಅಲ್ಲಿನ ಪಾಠಕ್ಕಿಂತ ಮುಂದಿದ್ದುದರಿಂದ ಕಾಲೇಜಿನ ಬೋಧನೆ ಅವರಿಗೆ ನಿರಾಶೆ ತಂದಿತು. 1812ರಲ್ಲಿ ಜಾನ್ ಹರ್ಷೆಲ್, ಜಾರ್ಜ್ ಪೀಕಾಕ್ ಮುಂತಾದ ಗೆಳೆಯರೊಡನೆ ಅನಲಿಟಿಕಲ್ ಸೊಸೈಟಿ ಎಂಬ ಸಂಘವನ್ನು ಸ್ಥಾಪಿಸಿ, ಯೂರೋಪ್ ಖಂಡದಲ್ಲಿ ಬಳಕೆಯಲ್ಲಿದ್ದ ಕಲನಶಾಸ್ತ್ರದ ಸಂಕೇತಗಳನ್ನು ಇಂಗ್ಲೆಂಡಿನಲ್ಲಿ ಪ್ರಚಾರಕ್ಕೆ ತಂದರು. ಬಳಿಕ ಪೀಟರ್‌ಹೌಸ್ ಕಾಲೇಜಿಗೆ ವರ್ಗವಾಗಿ 1814ರಲ್ಲಿ ಪದವಿ ಪಡೆದರು. ಅದೇ ವರ್ಷ ಜಾರ್ಜಿಯಾನಾ ವಿಟ್‌ಮೋರ್ ಅವರನ್ನು ವಿವಾಹವಾದರು.

1816ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆಗಿ ಆಯ್ಕೆಯಾದರು. ಅದೇ ವರ್ಷ ಭಾರತಕ್ಕೆ ಬರಲಿದ್ದ ಅಧಿಕಾರಿಗಳನ್ನು ತರಬೇತುಗೊಳಿಸುತ್ತಿದ್ದ ಹೇಲಿಬರಿಯ ಈಸ್ಟ್ ಇಂಡಿಯಾ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಹಾಕಿದ್ದರು. ಹೆಸರಾಂತ ಗಣಿತಜ್ಞರ ಶಿಫಾರಸು ಇದ್ದರೂ ಆ ಹುದ್ದೆ ಸಿಗಲಿಲ್ಲ. 1820ರಲ್ಲಿ ಅಸ್ಟ್ರನಾಮಿಕಲ್ ಸೊಸೈಟಿಯ ಸ್ಥಾಪಕರಲ್ಲಿ ಒಬ್ಬರಾದರು.

ಕೋಷ್ಟಕಗಳ ತಪ್ಪುಗಳು

ಕ್ಯಾಲ್ಕುಲೇಟರ್ ಇಲ್ಲದ ಆ ಕಾಲದಲ್ಲಿ ಖಗೋಳ ವೀಕ್ಷಣೆ, ಭೂಮಾಪನ, ವಿಮೆ, ನೌಕಾಯಾನ ಇವೆಲ್ಲವೂ ಅಚ್ಚಾದ ಗಣಿತ ಕೋಷ್ಟಕಗಳನ್ನು ಅವಲಂಬಿಸಿದ್ದವು. ನಡುಗಡಲಿನಲ್ಲಿರುವ ನಾವಿಕನಿಗೆ ತನ್ನ ಹಡಗಿನ ಸ್ಥಾನ ತಿಳಿಯಬೇಕಾದರೆ ಕೋಷ್ಟಕವೇ ಗತಿ. ಅದರಲ್ಲಿ ಒಂದು ಅಂಕಿ ತಪ್ಪಿದರೆ ಹಡಗು ಬಂಡೆಗೆ ಬಡಿಯುವ ಅಪಾಯವಿತ್ತು. ಕೋಷ್ಟಕ ತಯಾರಾಗುತ್ತಿದ್ದುದು ಮನುಷ್ಯರ ಕೈಯಿಂದ: ಲೆಕ್ಕ ಹಾಕುವವರು, ನಕಲು ಮಾಡುವವರು, ಮೊಳೆ ಜೋಡಿಸುವವರು, ಕರಡು ತಿದ್ದುವವರು. ಪ್ರತಿ ಹಂತದಲ್ಲಿಯೂ ತಪ್ಪು ನುಸುಳುತ್ತಿತ್ತು. ಎಷ್ಟೋ ಪುಸ್ತಕಗಳಿಗೆ ತಿದ್ದುಪಡಿಯ ಪಟ್ಟಿ ಪ್ರಕಟವಾಗುತ್ತಿತ್ತು. ಆ ಪಟ್ಟಿಯಲ್ಲಿಯೂ ತಪ್ಪುಗಳಿದ್ದು ಅದಕ್ಕೂ ತಿದ್ದುಪಡಿ ಹೊರಡಿಸಿದ ಪ್ರಸಂಗಗಳಿದ್ದವು.

1821ರಲ್ಲಿ ಬ್ಯಾಬೇಜ್ ಮತ್ತು ಹರ್ಷೆಲ್ ಇಬ್ಬರು ಬೇರೆ ಬೇರೆಯಾಗಿ ಮಾಡಿಸಿದ ಖಗೋಳ ಲೆಕ್ಕಗಳನ್ನು ಎದುರುಬದುರು ಇಟ್ಟುಕೊಂಡು ತಾಳೆ ನೋಡುತ್ತಿದ್ದರು. ಒಂದರ ಮೇಲೊಂದು ತಪ್ಪು ಕಂಡುಬಂದಾಗ, ಈ ಕೆಲಸವನ್ನು ಉಗಿಯಂತ್ರವೇ ಮಾಡುವಂತಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಬ್ಯಾಬೇಜ್ ಬೇಸರದಿಂದ ನುಡಿದರೆಂದು ಪ್ರತೀತಿ. ಅವರ ಮುಂದಿನ ಐವತ್ತು ವರ್ಷಗಳ ದುಡಿಮೆಯ ಮೂಲ ಇದೇ. ಈ ನಡುವೆ 1827ರಲ್ಲಿ 1ರಿಂದ 1,08,000ವರೆಗಿನ ಸಂಖ್ಯೆಗಳ ಲಾಗರಿದಮ್ ಕೋಷ್ಟಕವನ್ನು ತಾವೇ ಮುದ್ರಿಸಿದರು. ಯಾವ ಬಣ್ಣದ ಕಾಗದದ ಮೇಲೆ ಯಾವ ಬಣ್ಣದ ಮಸಿ ಇದ್ದರೆ ಓದುವವರ ಕಣ್ಣು ತಪ್ಪುವುದಿಲ್ಲ ಎಂದು ತಿಳಿಯಲು ಬಣ್ಣಬಣ್ಣದ ಕಾಗದಗಳ ಮೇಲೆ ಮಾದರಿಗಳನ್ನೂ ಅಚ್ಚು ಹಾಕಿಸಿದರು.

ಡಿಫರೆನ್ಸ್ ಎಂಜಿನ್

1822ರ ಜೂನ್ ತಿಂಗಳಲ್ಲಿ ಬ್ಯಾಬೇಜ್ ತಮ್ಮ ಯಂತ್ರದ ಕಲ್ಪನೆಯನ್ನು ಅಸ್ಟ್ರನಾಮಿಕಲ್ ಸೊಸೈಟಿಯ ಮುಂದಿಟ್ಟರು. ಗುಣಾಕಾರ, ಭಾಗಾಕಾರಗಳ ಗೋಜಿಲ್ಲದೆ ಬರೀ ಕೂಡುವುದರಿಂದಲೇ ಕೋಷ್ಟಕ ತಯಾರಿಸುವುದು ಇದರ ತತ್ತ್ವ. ಉದಾಹರಣೆಗೆ, ಒಂದು ಸಂಖ್ಯೆಯ ವರ್ಗಕ್ಕೆ ಅದೇ ಸಂಖ್ಯೆಯನ್ನೂ 41ನ್ನೂ ಕೂಡಿಸುತ್ತ ಹೋದರೆ ಸೊನ್ನೆಯಿಂದ ಮೊದಲ್ಗೊಂಡು 41, 43, 47, 53, 61 ಎಂಬ ಸಾಲು ಬರುತ್ತದೆ. ಅಕ್ಕಪಕ್ಕದ ಸಂಖ್ಯೆಗಳ ವ್ಯತ್ಯಾಸ 2, 4, 6, 8. ಆ ವ್ಯತ್ಯಾಸಗಳ ವ್ಯತ್ಯಾಸ ಯಾವಾಗಲೂ 2. ಆದುದರಿಂದ 8ಕ್ಕೆ 2 ಕೂಡಿಸಿ ಬಂದ 10ನ್ನು 61ಕ್ಕೆ ಕೂಡಿಸಿದರೆ ಮುಂದಿನ ಸಂಖ್ಯೆ 71 ದೊರೆಯುತ್ತದೆ. ಮೊದಲ ಕೆಲವು ಅಂಕಿಗಳನ್ನು ಚಕ್ರಗಳ ಮೇಲೆ ಸರಿಯಾಗಿ ಇಟ್ಟು ಹಿಡಿಕೆ ತಿರುಗಿಸಿದರೆ ಸಾಕು, ಉಳಿದದ್ದನ್ನು ಯಂತ್ರ ನೋಡಿಕೊಳ್ಳುತ್ತದೆ. ಫಲಿತಾಂಶವನ್ನು ಕೈಯಿಂದ ನಕಲು ಮಾಡಬೇಕಾಗಿರಲಿಲ್ಲ. ಅಚ್ಚಿನ ಫಲಕವನ್ನೂ ಯಂತ್ರವೇ ಒತ್ತಿಕೊಡುವಂತೆ ವಿನ್ಯಾಸವಿತ್ತು.

ಇಲ್ಲಿಯೇ ಬ್ಯಾಬೇಜ್ ಅವರ ಸ್ವಭಾವ ಗೋಚರಿಸುತ್ತದೆ. ಪ್ರತಿ ಚಕ್ರದ ಮೇಲೆ 0ಯಿಂದ 9ರವರೆಗೆ ಅಂಕಿಗಳಿದ್ದವು. ಚಕ್ರವು ಎರಡು ಅಂಕಿಗಳ ನಡುವೆ ನಿಂತರೆ ಅದು 3 ಅಲ್ಲ, 4 ಅಲ್ಲ, ಅರ್ಥವಿಲ್ಲದ ಸ್ಥಿತಿ. ಇದನ್ನು ತಡೆಯಲು ಚಕ್ರದ ಹಲ್ಲುಗಳ ನಡುವೆ ಬಂದು ಕೂರುವ ಬೆಣೆಗಳನ್ನು ಅಳವಡಿಸಿದರು. ಚಕ್ರ ಸ್ವಲ್ಪವೇ ಸರಿದಿದ್ದರೆ ಬೆಣೆಯು ಅದನ್ನು ಸರಿಯಾದ ಸ್ಥಾನಕ್ಕೆ ತಳ್ಳುತ್ತದೆ. ಹೆಚ್ಚು ಸರಿದಿದ್ದರೆ ಬೆಣೆ ಒಳಗೆ ಹೋಗದೆ ಯಂತ್ರ ಕಚ್ಚಿಕೊಂಡು ನಿಂತುಬಿಡುತ್ತದೆ. ಯಂತ್ರ ಮುರಿಯಬಹುದು ಅಥವಾ ನಿಲ್ಲಬಹುದು, ಆದರೆ ಸುಳ್ಳು ಉತ್ತರ ಕೊಡಬಾರದು ಎಂಬುದು ಅವರ ಹಟ.

1824ರಲ್ಲಿ ಈ ಸಂಶೋಧನೆಗಾಗಿ ಅಸ್ಟ್ರನಾಮಿಕಲ್ ಸೊಸೈಟಿಯ ಚಿನ್ನದ ಪದಕ ದೊರೆಯಿತು. ಆಗ ಸೊಸೈಟಿಯ ಅಧ್ಯಕ್ಷರಾಗಿದ್ದವರು, ಭಾಸ್ಕರಾಚಾರ್ಯನ ಲೀಲಾವತಿ ಮತ್ತು ಬೀಜಗಣಿತ ಗ್ರಂಥಗಳನ್ನು ಇಂಗ್ಲಿಷಿಗೆ ಅನುವಾದಿಸಿದ ಹೆನ್ರಿ ಥಾಮಸ್ ಕೋಲ್‌ಬ್ರೂಕ್.

ಸರ್ಕಾರ 1823ರಲ್ಲಿ 1,500 ಪೌಂಡ್ ನೀಡಿತು. ಜೋಸೆಫ್ ಕ್ಲೆಮೆಂಟ್ ಎಂಬ ನುರಿತ ಯಂತ್ರಕುಶಲಿ ನಿರ್ಮಾಣದ ಹೊಣೆ ಹೊತ್ತರು. ಕೆಲಸ ನಿಧಾನವಾಯಿತು, ಖರ್ಚು ಏರುತ್ತ ಹೋಯಿತು. 1832ರ ಕೊನೆಗೆ ಯಂತ್ರದ ಒಂದು ಸಣ್ಣ ಭಾಗ ಮಾತ್ರ ಸಿದ್ಧವಾಗಿತ್ತು. ಅದು ಇಂದಿಗೂ ಉಳಿದಿದೆ. 1833ರಲ್ಲಿ ಹಣದ ವಿಚಾರವಾಗಿ ಕ್ಲೆಮೆಂಟ್ ಅವರೊಡನೆ ವೈಮನಸ್ಯ ಬೆಳೆದು ಕೆಲಸ ನಿಂತಿತು. ಆ ವೇಳೆಗೆ ಸರ್ಕಾರದ ಖರ್ಚು ಸುಮಾರು 17,000 ಪೌಂಡ್ ಮುಟ್ಟಿತ್ತು. 1842ರಲ್ಲಿ ಪ್ರಧಾನಿ ರಾಬರ್ಟ್ ಪೀಲ್ ಅವರ ಸರ್ಕಾರ ಯೋಜನೆಯನ್ನು ಅಧಿಕೃತವಾಗಿ ಕೈಬಿಟ್ಟಿತು. ಕೊಟ್ಟ ಕೆಲಸ ಮುಗಿಯುವ ಮುನ್ನವೇ ಅದಕ್ಕಿಂತ ಉತ್ತಮವಾದ ಇನ್ನೊಂದನ್ನು ಕನಸು ಕಾಣುವ ಬ್ಯಾಬೇಜ್ ಅವರ ಅಭ್ಯಾಸವೂ ಈ ಸೋಲಿಗೆ ಒಂದು ಕಾರಣವೆನ್ನಬೇಕು. ಎಲ್ಲ ತಪ್ಪನ್ನೂ ಸರ್ಕಾರದ ಮೇಲೆ ಹೊರಿಸುವುದು ನ್ಯಾಯವಲ್ಲ.

ಅನಲಿಟಿಕಲ್ ಎಂಜಿನ್

1834ರಿಂದ ಬ್ಯಾಬೇಜ್ ಅನಲಿಟಿಕಲ್ ಎಂಜಿನ್ನಿನ ವಿನ್ಯಾಸದಲ್ಲಿ ತೊಡಗಿದರು. ಇದು ಒಂದೇ ಬಗೆಯ ಕೋಷ್ಟಕಕ್ಕೆ ಸೀಮಿತವಾದ ಯಂತ್ರವಲ್ಲ. ಬೇಕಾದ ಲೆಕ್ಕವನ್ನು ಆದೇಶಗಳ ಮೂಲಕ ಹೇಳಿ ಮಾಡಿಸಿಕೊಳ್ಳುವ ಯಂತ್ರ. ಸಂಖ್ಯೆಗಳನ್ನು ಇಟ್ಟುಕೊಳ್ಳುವ ಭಾಗಕ್ಕೆ ಸ್ಟೋರ್ (ಉಗ್ರಾಣ) ಎಂದೂ, ಲೆಕ್ಕ ನಡೆಯುವ ಭಾಗಕ್ಕೆ ಮಿಲ್ (ಗಿರಣಿ) ಎಂದೂ ಹೆಸರಿಟ್ಟರು. ರೇಷ್ಮೆ ಬಟ್ಟೆಯ ಮೇಲೆ ಚಿತ್ತಾರ ನೇಯಲು ಫ್ರಾನ್ಸಿನ ಜಕಾರ್ಡ್ ಮಗ್ಗದಲ್ಲಿ ಬಳಸುತ್ತಿದ್ದ ರಂಧ್ರಗಳುಳ್ಳ ರಟ್ಟಿನ ಕಾರ್ಡುಗಳನ್ನು 1836ರಲ್ಲಿ ತಮ್ಮ ಯಂತ್ರಕ್ಕೆ ಅಳವಡಿಸಿಕೊಂಡರು. ಮಾಡಬೇಕಾದ ಕ್ರಿಯೆಗಳೂ ಸಂಖ್ಯೆಗಳೂ ಕಾರ್ಡುಗಳ ಮೂಲಕವೇ ಒಳಹೋಗುತ್ತಿದ್ದವು. ಬಂದ ಉತ್ತರವನ್ನು ನೋಡಿ ಮುಂದಿನ ದಾರಿಯನ್ನು ಯಂತ್ರವೇ ಆರಿಸಿಕೊಳ್ಳುವ ವ್ಯವಸ್ಥೆಯೂ ಇತ್ತು.

1840ರಲ್ಲಿ ಇಟಲಿಯ ಟ್ಯೂರಿನ್ ನಗರದಲ್ಲಿ ಬ್ಯಾಬೇಜ್ ಈ ಯಂತ್ರವನ್ನು ಕುರಿತು ವಿವರಿಸಿದರು. ಅದನ್ನು ಆಧರಿಸಿ ಲೂಯಿಜಿ ಮೆನಾಬ್ರಿಯಾ 1842ರಲ್ಲಿ ಫ್ರೆಂಚ್ ಭಾಷೆಯಲ್ಲಿ ಲೇಖನ ಬರೆದರು. ಅದನ್ನು ಇಂಗ್ಲಿಷಿಗೆ ತಂದ ಏಡಾ ಲವ್‌ಲೇಸ್ 1843ರಲ್ಲಿ ಮೂಲಕ್ಕಿಂತ ಉದ್ದವಾದ ಟಿಪ್ಪಣಿಗಳನ್ನು ಸೇರಿಸಿದರು. ಬರ್ನೌಲಿ ಸಂಖ್ಯೆಗಳನ್ನು ಯಂತ್ರದಿಂದ ಲೆಕ್ಕ ಹಾಕಿಸುವ ಕ್ರಮ ಆ ಟಿಪ್ಪಣಿಗಳಲ್ಲಿದೆ.

ತಪ್ಪು ಕಾರ್ಡಿಗೆ ದೊಡ್ಡ ಗಂಟೆ

1864ರಲ್ಲಿ ಪ್ರಕಟವಾದ ಆತ್ಮಚರಿತ್ರೆಯಲ್ಲಿ ಬ್ಯಾಬೇಜ್ ಒಂದು ಪ್ರಸಂಗವನ್ನು ನೆನೆದಿದ್ದಾರೆ. ಯಂತ್ರದೊಳಗೆ ತಪ್ಪು ಅಂಕಿಗಳನ್ನು ಹಾಕಿದರೆ ಸರಿ ಉತ್ತರ ಬರುತ್ತದೆಯೇ ಎಂದು ಪಾರ್ಲಿಮೆಂಟಿನ ಸದಸ್ಯರು ಎರಡು ಬಾರಿ ಅವರನ್ನು ಕೇಳಿದರಂತೆ. ಇಂಥ ಪ್ರಶ್ನೆ ಹುಟ್ಟಬೇಕಾದರೆ ತಲೆಯೊಳಗೆ ಎಂಥ ಗೊಂದಲವಿರಬೇಕು ಎಂದು ಬ್ಯಾಬೇಜ್ ಬೆರಗಾದರು. ಕಸ ಹಾಕಿದರೆ ಕಸವೇ ಹೊರಬರುತ್ತದೆ ಎಂಬ ಇಂದಿನ ಗಣಕ ಲೋಕದ ಮಾತಿಗೆ ಈ ಪ್ರಸಂಗವನ್ನು ಹಿನ್ನೆಲೆಯಾಗಿ ಹೇಳುವುದುಂಟು.

ಅದೇ ಪುಸ್ತಕದಲ್ಲಿ ಇನ್ನೊಂದು ವಿವರಣೆಯಿದೆ. ಲೆಕ್ಕದ ನಡುವೆ ಯಂತ್ರಕ್ಕೆ ಯಾವುದೋ ಒಂದು ಸಂಖ್ಯೆಯ ಲಾಗರಿದಮ್ ಬೇಕಾಗುತ್ತದೆ ಎಂದಿಟ್ಟುಕೊಳ್ಳೋಣ, 2150 ಎನ್ನೋಣ. ಆಗ ಯಂತ್ರ ಗಂಟೆ ಬಾರಿಸಿ ನಿಂತು, ತನಗೆ ಬೇಕಾದ ಸಂಖ್ಯೆ ಯಾವುದೆಂದು ತೋರಿಸುತ್ತದೆ. ಪರಿಚಾರಕನು ಕಪಾಟಿನಿಂದ ಆ ಕಾರ್ಡನ್ನು ತಂದು ಹಾಕಬೇಕು. ಕಾರ್ಡಿನ ಮೇಲೆ ಲಾಗರಿದಮ್ ಒಂದೇ ಅಲ್ಲ, ಅದು ಯಾವ ಸಂಖ್ಯೆಗೆ ಸೇರಿದ್ದು ಎಂಬುದೂ ರಂಧ್ರಗಳಲ್ಲಿ ಇರುತ್ತದೆ. ಯಂತ್ರವು ಲಾಗರಿದಮನ್ನು ಬಳಸುವ ಮುನ್ನ, ತಾನು ಕೇಳಿದ ಸಂಖ್ಯೆಯಿಂದ ಕಾರ್ಡಿನಲ್ಲಿರುವ ಸಂಖ್ಯೆಯನ್ನು ಕಳೆಯುತ್ತದೆ. ಶೇಷ ಸೊನ್ನೆಯಾದರೆ ಕಾರ್ಡು ಸರಿ, ಲೆಕ್ಕ ಮುಂದುವರಿಯುತ್ತದೆ. ಪರಿಚಾರಕನು ಕೈತಪ್ಪಿ 2151ರ ಕಾರ್ಡನ್ನು ಹಾಕಿದ್ದರೆ ಶೇಷ ಸೊನ್ನೆಯಾಗುವುದಿಲ್ಲ. ಕೂಡಲೇ ಮೊದಲಿಗಿಂತ ಜೋರಾದ ಗಂಟೆ ಬಾರಿಸುತ್ತದೆ. ಕೊಟ್ಟ ಕೋಷ್ಟಕಸಂಖ್ಯೆ ತಪ್ಪು ಎಂದು ತಿಳಿಸುವ ಫಲಕ ಕಾಣಿಸಿಕೊಳ್ಳುತ್ತದೆ.

ಕಂಪ್ಯೂಟರ್ ಪ್ರಯೋಗಾಲಯದಲ್ಲಿ ಮೆನು ಆಧಾರಿತ ಕಾರ್ಯಕ್ರಮ ಬರೆದವರಿಗೆ ಇದು ಅಪರಿಚಿತವೇನಲ್ಲ. ಪರದೆಯ ಮೇಲೆ ಸೇರಿಸಲು 1, ಹುಡುಕಲು 2, ಅಳಿಸಲು 3, ಮುಗಿಸಲು 4 ಎಂದು ಆಯ್ಕೆಗಳಿರುತ್ತವೆ. ಬಳಕೆದಾರ 9 ಒತ್ತಬಹುದು, ಅಕ್ಷರವೊಂದನ್ನು ಒತ್ತಬಹುದು, ಏನೂ ಬರೆಯದೆ ಎಂಟರ್ ಒತ್ತಬಹುದು. ಸಿ ಭಾಷೆಯಲ್ಲಿ ಸ್ಕ್ಯಾನ್‌ಎಫ್ ಬಳಸಿ ಪೂರ್ಣಾಂಕವನ್ನು ಓದುವ ಹೊಸಬರಿಗೆ ಒಂದು ವಿಚಿತ್ರ ಅನುಭವವಾಗುತ್ತದೆ: ಅಕ್ಷರವನ್ನು ಒತ್ತಿದ ಕೂಡಲೇ ಮೆನು ನಿಲ್ಲದೆ ಮತ್ತೆ ಮತ್ತೆ ಮುದ್ರಿತವಾಗುತ್ತ ಪರದೆ ಓಡತೊಡಗುತ್ತದೆ. ಅಂಕಿಯಲ್ಲದ ಆ ಅಕ್ಷರವನ್ನು ಸ್ಕ್ಯಾನ್‌ಎಫ್ ಸ್ವೀಕರಿಸುವುದೂ ಇಲ್ಲ, ಎಸೆಯುವುದೂ ಇಲ್ಲ. ಅದು ಬಫರಿನಲ್ಲಿಯೇ ಉಳಿದು, ಪ್ರತಿ ಸುತ್ತಿನಲ್ಲಿಯೂ ಎದುರಾಗುತ್ತದೆ. ತಪ್ಪು ಕಾರ್ಡನ್ನು ತೆಗೆಯದೆ ಗಂಟೆಯನ್ನೇ ಬಾರಿಸುತ್ತಿದ್ದಂತೆ. ಇಡೀ ಸಾಲನ್ನು ಪಠ್ಯವಾಗಿ ಓದಿಕೊಂಡು, ಅದು ಸಂಖ್ಯೆಯೇ ಎಂದು ಪರೀಕ್ಷಿಸಿ, 1 ಮತ್ತು 4ರ ನಡುವೆ ಇದೆಯೇ ಎಂದು ನೋಡಿ, ಇಲ್ಲವಾದರೆ ಏನು ಬೇಕೆಂದು ತಿಳಿಸಿ ಮತ್ತೆ ಕೇಳುವುದು ಇದಕ್ಕೆ ಪರಿಹಾರ. ಬೇಕಾದುದನ್ನು ಹೆಸರಿಸುವುದು, ಕಾಯುವುದು, ಬಳಸುವ ಮುನ್ನ ಪರೀಕ್ಷಿಸುವುದು, ಅಲ್ಲಿಯವರೆಗಿನ ಲೆಕ್ಕವನ್ನು ಕೆಡಿಸದೆ ನಿರಾಕರಿಸುವುದು ಇವೆಲ್ಲವೂ ಬ್ಯಾಬೇಜ್ ಅವರ ಕಾರ್ಡಿನ ವ್ಯವಸ್ಥೆಯಲ್ಲಿವೆ.

ಯಾವುದು ತಪ್ಪು ಎಂಬುದನ್ನು ಯಂತ್ರಕ್ಕೆ ಮೊದಲೇ ಹೇಳಿರಬೇಕಾಗುತ್ತದೆ. ಕನ್ನಡಿಗರಿಗೆ ಇದರ ಒಂದು ಸೊಗಸಾದ ನಿದರ್ಶನ ಕೈಯಳತೆಯಲ್ಲಿದೆ. ಬಳಕೆದಾರ 3ರ ಬದಲು ಕನ್ನಡದ ೩ನ್ನು ಬೆರಳಚ್ಚಿಸಿದರೆ, ಸ್ಕ್ಯಾನ್‌ಎಫ್ ಅದನ್ನು ಅಂಕಿಯೆಂದು ಗುರುತಿಸದೆ ತಿರಸ್ಕರಿಸುತ್ತದೆ. ಪೈಥಾನ್ ಭಾಷೆಯ ಇಂಟ್ ಎಂಬ ಫಂಕ್ಷನ್ ಯೂನಿಕೋಡಿನ ಎಲ್ಲ ದಶಮಾನ ಅಂಕಿಗಳನ್ನೂ ಒಪ್ಪುವುದರಿಂದ ೩ನ್ನು ಮೂರೆಂದೇ ತೆಗೆದುಕೊಳ್ಳುತ್ತದೆ. ಒಂದೇ ಅಂಕಿ ಒಂದೆಡೆ ದೋಷ, ಇನ್ನೊಂದೆಡೆ ಸಿಂಧು.

ಬ್ಯಾಬೇಜ್ ಅವರ ಗಂಟೆಗೂ ಒಂದು ಮಿತಿಯಿತ್ತು. ಕೇಳಿದ್ದಕ್ಕೂ ಕೊಟ್ಟಿದ್ದಕ್ಕೂ ಹೊಂದಾಣಿಕೆ ಇಲ್ಲದಿದ್ದರೆ ಅದು ಎಚ್ಚರಿಸುತ್ತಿತ್ತು. 2150ರ ಕಾರ್ಡಿನ ಮೇಲೆಯೇ ಲಾಗರಿದಮ್ ತಪ್ಪಾಗಿ ಕೊರೆದಿದ್ದರೆ ಗಂಟೆ ಮೌನವಾಗಿರುತ್ತಿತ್ತು. ಏಡಾ ಅವರ ಬರ್ನೌಲಿ ಪಟ್ಟಿಯ ಮುದ್ರಿತ ರೂಪದಲ್ಲಿ ಒಂದೆಡೆ ಭಾಜ್ಯ ಮತ್ತು ಭಾಜಕಗಳು ಅದಲುಬದಲಾಗಿವೆ. ಅದೇ ಕ್ರಮದಲ್ಲಿ ಕಾರ್ಡು ಕೊರೆದು ಹಾಕಿದ್ದರೆ ಯಂತ್ರ ಯಾವ ಆಕ್ಷೇಪವನ್ನೂ ಎತ್ತದೆ ತಪ್ಪು ಉತ್ತರವನ್ನು ಅಚ್ಚುಕಟ್ಟಾಗಿ ಮುದ್ರಿಸುತ್ತಿತ್ತು. ಹಾಗೆ ನೋಡಿದರೆ ಪಾರ್ಲಿಮೆಂಟಿನ ಸದಸ್ಯರ ಪ್ರಶ್ನೆ ಬ್ಯಾಬೇಜ್ ಭಾವಿಸಿದಷ್ಟು ಹುರುಳಿಲ್ಲದ್ದೇನೂ ಆಗಿರಲಿಲ್ಲ.

ರೈಲ್ವೆ ಪ್ರಯೋಗಗಳು

1838ರ ಸುಮಾರಿಗೆ ಬ್ಯಾಬೇಜ್ ಗ್ರೇಟ್ ವೆಸ್ಟರ್ನ್ ರೈಲ್ವೆಯ ಅಗಲ ಹಳಿಗಳ ಮೇಲೆ ಪ್ರಯೋಗ ನಡೆಸಿದರು. ಗಾಡಿಯ ಅಲುಗಾಟವನ್ನು ಉದ್ದನೆಯ ಕಾಗದದ ಸುರುಳಿಯ ಮೇಲೆ ಲೇಖನಿಗಳು ತಾವಾಗಿಯೇ ದಾಖಲಿಸುವಂತೆ ಒಂದು ಡಬ್ಬಿಯನ್ನು ಸಜ್ಜುಗೊಳಿಸಿದ್ದರು. ಒಂದು ಭಾನುವಾರ, ಹಳಿಯ ಮೇಲೆ ಬೇರಾವ ಎಂಜಿನ್ನೂ ಇಲ್ಲವೆಂದು ಅಧಿಕಾರಿ ಭರವಸೆ ಕೊಟ್ಟಿದ್ದರು. ಹೊರಡುವ ಮುನ್ನ ದೂರದಲ್ಲಿ ಎಂಜಿನ್ನಿನ ಸದ್ದು ಬ್ಯಾಬೇಜ್ ಕಿವಿಗೆ ಬಿತ್ತು. ಅಧಿಕಾರಿ ನಂಬಲಿಲ್ಲ. ಸ್ವಲ್ಪ ಹೊತ್ತಿಗೆ ಅದೇ ಹಳಿಯ ಮೇಲೆ ಎಂಜಿನ್ನೊಂದು ಬಂದು ನಿಂತಿತು. ಅದರಲ್ಲಿದ್ದವರು ರೈಲ್ವೆಯ ಮುಖ್ಯ ಎಂಜಿನಿಯರ್ ಇಸಂಬಾರ್ಡ್ ಬ್ರುನೆಲ್. ತಪ್ಪು ಮಾಹಿತಿಯನ್ನು ನಂಬಿ ಹೊರಟಿದ್ದರೆ ಎರಡೂ ಎದುರುಬದುರು ಬರುತ್ತಿದ್ದವು.

ಇಂಥ ಬಾಯಿಮಾತಿನ ಭರವಸೆಯ ಬದಲು ಯಂತ್ರವೇ ತಪ್ಪು ಆಜ್ಞೆಯನ್ನು ತಡೆಯುವ ಇಂಟರ್‌ಲಾಕಿಂಗ್ ವ್ಯವಸ್ಥೆ ರೈಲ್ವೆಗೆ ಬಂದದ್ದು ಬಳಿಕ. ಜಾನ್ ಸ್ಯಾಕ್ಸ್‌ಬಿ 1856ರಲ್ಲಿ ಪಡೆದ ಪೇಟೆಂಟ್ ಇದರ ಆರಂಭದ ಹೆಜ್ಜೆಗಳಲ್ಲೊಂದು. ಚಿತ್ರದುರ್ಗ ಜಿಲ್ಲೆ ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಬೆಂಗಳೂರು–ಹುಬ್ಬಳ್ಳಿ ಮಾರ್ಗದಿಂದ ಚಿತ್ರದುರ್ಗ, ರಾಯದುರ್ಗ, ಬಳ್ಳಾರಿಗಳ ಕಡೆಗೆ ಹಳಿ ಕವಲೊಡೆಯುತ್ತದೆ. ಇಂಥ ನಿಲ್ದಾಣದಲ್ಲಿ ಹಳಿಯ ಕವಲು ಚಿತ್ರದುರ್ಗದ ಕಡೆಗೆ ತಿರುಗಿರುವಾಗ ಹುಬ್ಬಳ್ಳಿಯ ಕಡೆಯ ಸಿಗ್ನಲ್ ಬಿಡಲು ಹೋದರೆ ಇಂಟರ್‌ಲಾಕಿಂಗ್ ಅದಕ್ಕೆ ಆಸ್ಪದ ಕೊಡುವುದಿಲ್ಲ. ಇದು ಬ್ಯಾಬೇಜ್ ಅವರ ಕೊಡುಗೆಯಲ್ಲ. ಆದರೆ ಅವರ ಬೆಣೆಗಳ ಹಿಂದಿದ್ದ ವಿಚಾರ ಇದರಲ್ಲಿಯೂ ಇದೆ.

ಇತರ ಕೆಲಸಗಳು

1828ರಿಂದ 1839ರವರೆಗೆ ಕೇಂಬ್ರಿಡ್ಜ್‌ನಲ್ಲಿ ನ್ಯೂಟನ್ ಅಲಂಕರಿಸಿದ್ದ ಲ್ಯೂಕೇಸಿಯನ್ ಪೀಠದಲ್ಲಿದ್ದರೂ ಬ್ಯಾಬೇಜ್ ಅಲ್ಲಿ ಪಾಠ ಮಾಡಲಿಲ್ಲ. ಕಾರ್ಖಾನೆಗಳನ್ನು ಸುತ್ತಿ ನೋಡಿ 1832ರಲ್ಲಿ ಬರೆದ ಯಂತ್ರ ಮತ್ತು ತಯಾರಿಕೆಯ ಅರ್ಥಶಾಸ್ತ್ರದ ಪುಸ್ತಕ ಬಹಳ ಜನಪ್ರಿಯವಾಯಿತು. 1857ರಲ್ಲಿ ಒಂದು ಕಾರ್ಖಾನೆಯಲ್ಲಿ ಒಡೆದ 464 ಕಿಟಕಿ ಗಾಜುಗಳ ಕಾರಣಗಳನ್ನು ಪಟ್ಟಿ ಮಾಡಿ ಪ್ರಕಟಿಸಿದರು; ಅವುಗಳಲ್ಲಿ 14 ಕುಡಿದವರ ಮತ್ತು ಹುಡುಗರಂಥವರ ಪಾಲಿಗೆ ಬಂದವು. ಬೀದಿ ವಾದ್ಯಗಾರರ ಗದ್ದಲದ ವಿರುದ್ಧ ಅವರು ನಡೆಸಿದ ಹೋರಾಟದಿಂದಾಗಿ 1864ರಲ್ಲಿ ಕಾನೂನು ಬಂದಿತು. ಇದರಿಂದ ನೆರೆಹೊರೆಯವರ ಅಪಹಾಸ್ಯಕ್ಕೂ ಗುರಿಯಾದರು.

ಕುಟುಂಬ ಮತ್ತು ಕೊನೆಯ ದಿನಗಳು

1827 ಬ್ಯಾಬೇಜ್ ಅವರ ಪಾಲಿಗೆ ಕ್ರೂರ ವರ್ಷ. ತಂದೆ, ಒಬ್ಬ ಮಗ ಮತ್ತು ಪತ್ನಿ ಜಾರ್ಜಿಯಾನಾ ಅದೇ ವರ್ಷ ತೀರಿಕೊಂಡರು. ಎಂಟು ಮಕ್ಕಳಲ್ಲಿ ಮೂವರು ಗಂಡುಮಕ್ಕಳು ಮಾತ್ರ ತಂದೆಯ ನಂತರವೂ ಬದುಕಿದ್ದರು. ತಂದೆಯಿಂದ ಬಂದ ಸುಮಾರು 1,00,000 ಪೌಂಡ್ ಆಸ್ತಿಯಲ್ಲಿ ಬಹುಪಾಲು ಹಣ ಯಂತ್ರಗಳ ವಿನ್ಯಾಸಕ್ಕೆ ವ್ಯಯವಾಯಿತು. 1847 ಮತ್ತು 1849ರ ನಡುವೆ ಹೆಚ್ಚು ಸರಳವಾದ ಎರಡನೆಯ ಡಿಫರೆನ್ಸ್ ಎಂಜಿನ್ನಿನ ನಕ್ಷೆಗಳನ್ನು ಬರೆದು ಸರ್ಕಾರಕ್ಕೆ ಒಪ್ಪಿಸಲು ಮುಂದಾದರು. ಸರ್ಕಾರ ಆಸಕ್ತಿ ತೋರಲಿಲ್ಲ. ಇತ್ತ ಅವರ ಕಲ್ಪನೆಯಿಂದ ಪ್ರೇರಿತರಾದ ಸ್ವೀಡನ್ನಿನ ಶೂಟ್ಸ್ ತಂದೆ-ಮಗ 1853ರಲ್ಲಿ ಕೆಲಸ ಮಾಡುವ ಯಂತ್ರವನ್ನೇ ನಿರ್ಮಿಸಿದರು. ಬ್ಯಾಬೇಜ್ ಅಸೂಯೆ ಪಡದೆ ಅವರನ್ನು ಬೆಂಬಲಿಸಿದರು.

1871ರ ಅಕ್ಟೋಬರ್ 18ರಂದು ಲಂಡನ್ನಿನ ಡಾರ್ಸೆಟ್ ಸ್ಟ್ರೀಟಿನ ಮನೆಯಲ್ಲಿ ನಿಧನರಾದರು. ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿ ಅವರ ಸಮಾಧಿಯಿದೆ.

ಮರಣಾನಂತರ

ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ಸೈನ್ಯವನ್ನು ಸೇರಿ ಭಾರತದಲ್ಲಿ ದೀರ್ಘಕಾಲ ಸೇವೆಯಲ್ಲಿದ್ದ ಮಗ ಹೆನ್ರಿ ಪ್ರೆವೋಸ್ಟ್ ಬ್ಯಾಬೇಜ್ ನಿವೃತ್ತಿಯ ಬಳಿಕ ತಂದೆಯ ಕೆಲಸವನ್ನು ಕೈಗೆತ್ತಿಕೊಂಡರು. ತಂದೆಯ ಯಂತ್ರಗಳನ್ನು ಕುರಿತ ಬರಹಗಳನ್ನು 1889ರಲ್ಲಿ ಪುಸ್ತಕವಾಗಿ ಹೊರತಂದರು. ಅವರು ನಿರ್ಮಿಸಿದ ಅನಲಿಟಿಕಲ್ ಎಂಜಿನ್ನಿನ ಮಿಲ್ ಭಾಗವು 1910ರಲ್ಲಿ ಪೈ ಸಂಖ್ಯೆಯ ಗುಣಕಗಳನ್ನು ಮುದ್ರಿಸಿತು. ಆ ಪಟ್ಟಿಯಲ್ಲಿ ತಪ್ಪುಗಳಿದ್ದವು.

ಲಂಡನ್ನಿನ ಸೈನ್ಸ್ ಮ್ಯೂಸಿಯಂ, ಬ್ಯಾಬೇಜ್ ಜನಿಸಿ ಇನ್ನೂರು ವರ್ಷ ತುಂಬಿದ 1991ರಲ್ಲಿ, ಅವರ ಎರಡನೆಯ ಡಿಫರೆನ್ಸ್ ಎಂಜಿನ್ನಿನ ಗಣಕ ಭಾಗವನ್ನು ಮೂಲ ನಕ್ಷೆಗಳ ಪ್ರಕಾರ ನಿರ್ಮಿಸಿತು. ಹತ್ತೊಂಬತ್ತನೆಯ ಶತಮಾನದ ಕುಶಲತೆಗೆ ನಿಲುಕುತ್ತಿದ್ದಷ್ಟೇ ನಿಖರತೆಯಲ್ಲಿ ಬಿಡಿಭಾಗಗಳನ್ನು ತಯಾರಿಸಲಾಯಿತು. ನಕ್ಷೆಗಳಲ್ಲಿದ್ದ ಕೆಲವು ದೋಷಗಳನ್ನು ನಿರ್ಮಾತೃಗಳು ತಿದ್ದಿಕೊಳ್ಳಬೇಕಾಯಿತು. ಯಂತ್ರ 31 ಅಂಕಿಗಳವರೆಗೆ ಸರಿಯಾದ ಉತ್ತರ ಕೊಟ್ಟಿತು. ಮುದ್ರಣ ಭಾಗವೂ ಸೇರಿ 2002ರಲ್ಲಿ ಪೂರ್ತಿಯಾದ ಯಂತ್ರದಲ್ಲಿ ಸುಮಾರು 8,000 ಭಾಗಗಳಿವೆ. ಬ್ಯಾಬೇಜ್ ಅವರ ಮಿದುಳಿನ ಅರ್ಧಭಾಗವನ್ನು ಅದೇ ವಸ್ತುಸಂಗ್ರಹಾಲಯದಲ್ಲಿಯೂ ಇನ್ನರ್ಧವನ್ನು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್‌ನ ಹಂಟೇರಿಯನ್ ವಸ್ತುಸಂಗ್ರಹಾಲಯದಲ್ಲಿಯೂ ಕಾಪಾಡಿಡಲಾಗಿದೆ.